ಚಪ್ಪಲಿ, ಕನ್ನಡ ಎರಡೂ ಹೊರಗೆ

5 ಆಗಸ್ಟ್, ಸೋಮವಾರ
ಮಸ್ಕಿ ಬಸ್ಸು ಇವತ್ತೂ ಲೇಟ್. ಶಾಲೆ ಮುಟ್ಟುವುದು ತಡವಾಗಿ ಎಂಟನೇ ಕ್ಲಾಸಿಗೆ ಅರ್ಧ ಪಾಠವನ್ನಷ್ಟೇ ಮಾಡಿದೆ. ಸಂಜೆ ಫೋನಿನಲ್ಲಿ ಹೆಡ್‌ಮಾಸ್ತರಿಗೆ ಉತ್ತರ ಕೊಡುತ್ತಲೇ ಮನೆಯೊಳಗೆ ಕಾಲಿಟ್ಟೆ — ಬಾಬಾನಿಂದ ಬೈಗುಳ. ನನಗೆ ನಲವತ್ತಾದರೂ ಅಪ್ಪನ ಕಾನೂನು ಬದಲಾಗಿಲ್ಲ: ಚಪ್ಪಲಿ, ಕನ್ನಡ ಎರಡೂ ಹೊರಗೆ. ಒಳಗೆ ಬಂಗಾಲಿ ಮಾತ್ರ. "ನಮ್ಮ ಊರು ಖುಲ್ನಾ. ಇದು ಕ್ಯಾಂಪು." ಐವತ್ತು ವರ್ಷದಿಂದ ಅದೇ ರಾಗ. ಬಾಂಗ್ಲಾ ನಿರಾಶ್ರಿತರ ಈ ಆರ್.ಎಚ್. ಕ್ಯಾಂಪಿನಲ್ಲೇ ಹುಟ್ಟಿದ ನಾನು ಈ ಡೈರಿಯಲ್ಲಿ ಕದ್ದು ಕನ್ನಡ ಬರೆಯುತ್ತೇನೆ. ಕಾನೂನು ಪೂರ್ತಿ ಪಾಲಿಸಿದವಳು ಅಮ್ಮ ಒಬ್ಬಳೇ. ಸಂತೆ, ಬ್ಯಾಂಕು ಎಲ್ಲ ಬಾಬಾನೇ. "ಬರ್ರಿ, ಕುಂದರ್ರಿ" ಬಿಟ್ಟರೆ ಅವಳಿಗೆ ಕನ್ನಡ ಬರದು.

7 ಆಗಸ್ಟ್
ನಾಟಿ ಮಾಡಿಸುತ್ತಿದ್ದ ಬಾಬಾ ಬದುವಿನ ಮೇಲೆ ಬಿದ್ದರು. ಸ್ಟ್ರೋಕ್. ಪಕ್ಕದ ಗದ್ದೆಯ ದುರುಗಪ್ಪ ಕಾಕಾ, ಮುಕ್ಕುಂದ ಹಳ್ಳಿಯವರು, ಸಿಂಧನೂರಿನ ಆಸ್ಪತ್ರೆಗೆ ತಂದು ಸೇರಿಸಿದರು. ಐಸಿಯು.

9 ಆಗಸ್ಟ್, ಬೆಳಿಗ್ಗೆ
ಕಣ್ಣು ಬಿಟ್ಟರು! ಕಾಕಾನನ್ನು ನೋಡಿದ್ದೇ, "ಕಾಲುವಿಗೆ ನೀರು ಬಿಟ್ಟಾರೇನಲೇ?"
"ಬಿಟ್ಟಾರ, ನೀ ಸುಮ್ನ ಮಕ್ಕೋ" ಎಂದು ಕಾಕಾ ಅತ್ತೇಬಿಟ್ಟರು.
ಅಮ್ಮ ಬಂಗಾಲಿಯಲ್ಲಿ ಕೇಳಿದಳು, ನೋವಿದೆಯಾ ಎಂದು. ಬಾಬಾ ಅವಳ ಬಾಯನ್ನೇ ನೋಡಿದರು. ನನ್ನ ಕಡೆ ತಿರುಗಿ, "ಸುನೀಲ, ಏನಂತಾಳಪಾ ಇಕಿ?"
ತಮಾಷೆ ಅಂದುಕೊಂಡೆ. ನಾನೂ ಬಂಗಾಲಿಯಲ್ಲಿ ಮಾತಾಡಿಸಿದೆ. ಅವರಿಗೆ ಒಂದಕ್ಷರವೂ ತಿಳಿಯಲಿಲ್ಲ.

10 ಆಗಸ್ಟ್
ಡಾಕ್ಟರು: "ಮಿದುಳಿಗೆ ಪೆಟ್ಟು ಬಿದ್ದಾಗ ಒಮ್ಮೊಮ್ಮೆ ಹಿಂಗ ಆಗ್ತೈತಿ ಸರ್. ಒಂದು ಭಾಷೆ ಉಳಿದು ಇನ್ನೊಂದು ಹೋಗ್ತೈತಿ. ವಾಪಸ್ ಬಂದ್ರೂ ಬರಬಹುದು."
ಹೋದದ್ದು ಬಂಗಾಲಿ! ಹೆತ್ತವಳು ಕಲಿಸಿದ್ದು ಹೋಗಿ, ಗದ್ದೆಯ ಕೆಸರಿನಲ್ಲಿ ಕಲಿತದ್ದು ಉಳಿದಿದೆ. ನಂಬಲು ಆಗುತ್ತಿಲ್ಲ. ಸಿಟ್ಟು ಬರುತ್ತಿದೆ — ಯಾರ ಮೇಲೆ ಅಂತ ಗೊತ್ತಿಲ್ಲ.

14 ಆಗಸ್ಟ್
ಮನೆಗೆ ಕರೆತಂದೆವು. ಹೊಸ್ತಿಲು ದಾಟುವಾಗಲೂ ಕನ್ನಡವೇ. ಗಂಡ ಹೆಂಡತಿ ನಡುವೆ ಈಗ ನಾನು ದುಭಾಷಿ. ಅಮ್ಮನ ಕೆಲವು ಮಾತು ಮಗನ ಬಾಯಲ್ಲಿ ಬರುವಂಥದ್ದಲ್ಲ. ಅರ್ಧಕ್ಕೇ ನಿಲ್ಲಿಸಿ, "ಬಿಡು, ನೀರು ಬೇಕಾ ಅಂತ ಕೇಳು" ಅನ್ನುತ್ತಾಳೆ. ಅವಳಿಗೂ ನನಗೂ ನಾಚಿಕೆ.

30 ಆಗಸ್ಟ್
ಬಾಬಾನಿಗೆ ಮರೆವೂ ಸೇರಿಕೊಂಡಿದೆ. ನನ್ನನ್ನು ದುರುಗಪ್ಪ ಎಂದು ಕರೆದರು. ಲಿಂಗಸುಗೂರಿನ ತಂಗಿಗೆ ಇದನ್ನು ಇನ್ನೂ ಹೇಳಿಲ್ಲ.

2 ಸೆಪ್ಟೆಂಬರ್, ಮಧ್ಯಾಹ್ನ
ರಜೆ ಹಾಕಿದೆ. ಪಾಠ ಮಾಡುವ ಸ್ಥಿತಿಯಲ್ಲಿಲ್ಲ.
ಅಮ್ಮ ಮೀನಿನ ಸಾರು ಅನ್ನ ಕಲಸಿ ಉಣಿಸಿದಳು. ಉಂಡಾದ ಮೇಲೆ ಬಾಬಾ ಕೈ ಮುಗಿದರು — ಹೆಂಡತಿಗೆ! ಆಮೇಲೆ ನನ್ನನ್ನು ಹತ್ತಿರ ಕರೆದರು.
"ದುರುಗಪ್ಪ, ಈ ತಾಯಿ ಯಾರಲೇ? ಪಾಪ, ನಮ್ಮ ಮಾತು ಬರಂಗಿಲ್ಲ. ಯಾರ ಮ್ಯಾಲೂ ಸಿಟ್ಟಾಗಂಗಿಲ್ಲ. ಎಷ್ಟು ದಿನ ಅಂತ ಇಲ್ಲಿ ಇಟ್ಕೊಂಡು ಕುಂದ್ರೋದು? ಆಕಿ ಊರಿಗೆ ಆಕೀನ ಮುಟ್ಟಿಸಿ ಬಾ." ಬಾಗಿಲಾಚೆ, ದೂರಕ್ಕೆ ಕೈ ತೋರಿಸಿದರು.
ಅಮ್ಮ ಆ ಕೈಯನ್ನೇ ನೋಡುತ್ತಿದ್ದಳು. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿತ್ತು.
"ಏನಂದರು? ಊರಿಗೆ, ಖುಲ್ನಾಕ್ಕೆ ಹೋಗೋಣ ಅಂದರಾ?"
ಹೌದು ಅಂದೆ. ಬೇರೇನು ಹೇಳಲಿ?
ಸೆರಗಿನಿಂದ ಬಾಬಾನ ಬಾಯಿ ಒರೆಸುತ್ತ ಕೇಳಿದಳು, "ಇಬ್ಬರೂನಾ?"