ನನ್ನ ತಮ್ಮನ ನಲವತ್ತೆರಡು ಎಸೆತಗಳನ್ನು ಅಳಿಸಬೇಡಿ

ನಮ್ಮ ಊರಿನ ಹೆಸರನ್ನು ಎದೆಯ ಮೇಲೆ ಬರೆದುಕೊಂಡು ಹತ್ತು ಓವರುಗಳ ಹೊಸ ಪಂದ್ಯಾವಳಿಯಲ್ಲಿ ಆಡುತ್ತಿರುವ ಕ್ರಿಕೆಟ್ ತಂಡದ ಮುಖ್ಯ ಅಧಿಕಾರಿಯವರಿಗೆ,

ಮಾನ್ಯರೇ,

ಈ ತಿಂಗಳ ಮೂವತ್ತನೇ ತಾರೀಕಿಗೆ ನಿಮ್ಮ ಕಚೇರಿಯ ಕಂಪ್ಯೂಟರುಗಳಿಂದ ಕಳೆದ ವರ್ಷದ ವಿಡಿಯೊಗಳನ್ನೆಲ್ಲ ಅಳಿಸಲಾಗುತ್ತದೆ ಎಂದು ತಿಳಿದುಬಂದಿದೆ. ಯಾರು ಹೇಳಿದರು ಎಂದು ವಿಚಾರಣೆಗೆ ಇಳಿಯಬೇಡಿ. ಕಚೇರಿಗಳ ಬಾಗಿಲಲ್ಲೇ ಕೂತು ಹತ್ತೊಂಬತ್ತು ವರ್ಷ ಕಳೆದವಳು ನಾನು; ಒಳಗಿನ ಮಾತು ಹೊರಗೆ ಬರುವ ದಾರಿಗಳು ನನಗೆ ಗೊತ್ತು. ಆ ವಿಡಿಯೊಗಳಲ್ಲಿ ನನ್ನ ತಮ್ಮ ಎಸೆದ ನಲವತ್ತೆರಡು ಚೆಂಡುಗಳಿವೆ. ಅವು ನನಗೆ ಬೇಕು. ಇನ್ನು ಒಂಬತ್ತು ದಿನ ಉಳಿದಿದೆ.

ನನ್ನ ಕಸುಬನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಸರ್ಕಾರಿ ಕಚೇರಿಯೊಂದರ ಎದುರು ಮೇಜು, ಟೈಪ್ ಮಿಷನ್ನು, ಒಂದು ಹಳೇ ಜೆರಾಕ್ಸ್ ಯಂತ್ರ ಇಟ್ಟುಕೊಂಡು ಊರಿನವರ ಅರ್ಜಿಗಳನ್ನು ಬರೆದುಕೊಡುವವಳು. ನಲ್ಲಿಯಲ್ಲಿ ನೀರು ಬಾರದವರು, ಪಿಂಚಣಿ ನಿಂತವರು, ಬದುಕಿರುವಾಗಲೇ ದಾಖಲೆಯಲ್ಲಿ ಸತ್ತವರು, ಎಲ್ಲರಿಗೂ ನಾನೇ ‘ತಮ್ಮಲ್ಲಿ ಸವಿನಯ ಪ್ರಾರ್ಥನೆ’ ಎಂದು ಬರೆದಿದ್ದೇನೆ. ಹಾಗಾಗಿ ಸವಿನಯದ ಸಂಗ್ರಹ ನನ್ನಲ್ಲಿ ಸಾಕಷ್ಟಿತ್ತು. ನಿಮಗೆ ಬರೆದ ಮೊದಲ ಮೂರು ಪತ್ರಗಳಲ್ಲಿ ಅದೆಲ್ಲ ಖರ್ಚಾಯಿತು.

ನನ್ನ ತಮ್ಮ ಎಡಗೈ ಸ್ಪಿನ್ ಬೌಲರ್. ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು, ಕಡ್ಡಿಯಂಥ ಆಳು. ಅವನಿಗೆ ಬೌಲಿಂಗ್ ಕಲಿಸಿದ್ದು ಯಾವ ಗುರುವೂ ಅಲ್ಲ, ನಮ್ಮ ಮನೆಯ ಪಕ್ಕದ ಓಣಿ. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು, ಅಷ್ಟು ಇಕ್ಕಟ್ಟು. ಎಡಗಡೆ ಗೋಡೆ, ಗೋಡೆಯ ಮೇಲೆ ನೀರಿನ ಮೀಟರು. ತೋಳು ಅಗಲಿಸಿದರೆ ಮೊಣಕೈ ಮೀಟರಿಗೆ ಬಡಿಯುತ್ತಿತ್ತು. ಅದಕ್ಕೇ ಅವನ ಕೈ ಕಿವಿಯನ್ನು ಉಜ್ಜಿಕೊಂಡೇ ಮೇಲೆ ಬರುವುದನ್ನು ಕಲಿಯಿತು. ಹಿಂದೆ ಮುಚ್ಚಳವಿಲ್ಲದ ಚರಂಡಿ, ಆದ್ದರಿಂದ ಓಟ ನಾಲ್ಕೇ ಹೆಜ್ಜೆ. ಮೂರನೆಯ ಹೆಜ್ಜೆಯಲ್ಲಿ ಪಕ್ಕದ ಮನೆಯವರ ಮೆಟ್ಟಿಲು ಅಡ್ಡ ಬರುವುದರಿಂದ ಅಲ್ಲೊಂದು ಸಣ್ಣ ತಡೆ. ಆ ತಡೆಯನ್ನು ನೋಡಿ ಬ್ಯಾಟ್ ಹಿಡಿದವರು ಚೆಂಡು ಬಂತೆಂದು ಬೀಸಿಬಿಡುತ್ತಿದ್ದರು. ಚೆಂಡು ಇನ್ನೂ ಅವನ ಕೈಯಲ್ಲೇ ಇರುತ್ತಿತ್ತು. ಹನ್ನೆರಡು ವರ್ಷ ಆ ಓಣಿಯಲ್ಲಿ ವಿಕೆಟ್ ಹಿಂದೆ ನಿಂತವಳು ನಾನು. ಅಂಗಡಿ ಮುಚ್ಚಿ ಬಂದು, ಚಪ್ಪಲಿ ಕಳಚಿ, ಸೆರಗು ಬಿಗಿದು ನಿಲ್ಲುತ್ತಿದ್ದೆ. ಅವನ ಚೆಂಡನ್ನು ನಾನು ಕಣ್ಣಿನಿಂದ ಹಿಡಿದವಳೇ ಅಲ್ಲ, ಕೈ ತಾನೇ ಹೋಗುತ್ತಿತ್ತು.

ಹೋದ ವರ್ಷ ನೀವು ಸಾರ್ವಜನಿಕ ಆಯ್ಕೆ ಎಂದು ಊರಿಗೆಲ್ಲ ಡಂಗುರ ಸಾರಿದಿರಿ. ‘ನಿಮ್ಮ ಬೀದಿಯ ಪ್ರತಿಭೆ, ನಮ್ಮ ತಂಡದ ಹೆಮ್ಮೆ’ ಎಂದು ಬಸ್ಸಿನ ಬೆನ್ನ ಮೇಲೆಲ್ಲ ಬರೆಸಿದಿರಿ. ಮೂರು ದಿನ, ಸಾವಿರಾರು ಜನ. ತಲೆಗೆ ಆರೇ ಚೆಂಡು. ನನ್ನ ತಮ್ಮ ಆರು ಎಸೆದ ಮೇಲೆ ನಿಮ್ಮ ತರಬೇತುದಾರರು ಇನ್ನಾರು ಹಾಕು ಎಂದರು. ಮತ್ತೆ ಆರು. ಹೀಗೆ ಏಳು ಓವರು, ನಾಲ್ಕು ಕ್ಯಾಮೆರಾಗಳ ಮುಂದೆ. ಬೇಲಿಯ ಹೊರಗೆ ನಿಂತಿದ್ದ ನನಗೆ ಆನಂದ ತಡೆಯಲಾಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ಹೆಂಗಸಿನ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

ಒಪ್ಪಂದದ ಕಾಗದ ಮನೆಗೆ ಬಂದಾಗ ಅದನ್ನು ಓದಿದವಳೂ ನಾನೇ. ಹತ್ತೊಂಬತ್ತು ವರ್ಷ ಬೇರೆಯವರ ಕಾಗದಗಳಲ್ಲಿ ತಪ್ಪು ಹುಡುಕಿದ ಈ ಮಹಾತಾಯಿ, ತಮ್ಮನ ಕಾಗದದಲ್ಲಿ ಹುಡುಕಿದ್ದೇನು ಗೊತ್ತೆ? ಹೆಸರಿನ ಕಾಗುಣಿತ, ಹುಟ್ಟಿದ ದಿನಾಂಕ, ಮೊಹರು. ಎಲ್ಲ ಸರಿಯಾಗಿದೆ, ರುಜು ಹಾಕು ಎಂದೆ. ಹದಿನೇಳನೆಯ ಕಲಮನ್ನು ಓದಿದೆ, ಆದರೆ ಓದಿ ಮುಂದೆ ಹೋದೆ. ‘ತಂಡವು ಸೂಚಿಸಿದ ಶೈಲಿಯಲ್ಲಿ ಬೌಲಿಂಗ್ ಮಾಡತಕ್ಕದ್ದು, ಆಟಗಾರನ ಸಮಸ್ತ ದೃಶ್ಯಾವಳಿಗಳು ತಂಡದ ಸ್ವತ್ತಾಗಿರತಕ್ಕದ್ದು.’ ಆಗ ನನಗೆ ಇದರಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ. ನಿಮ್ಮನ್ನು ಬೈಯುವ ಮೊದಲು ನನ್ನನ್ನೇ ಸಾಕಷ್ಟು ಬೈದುಕೊಂಡಿದ್ದೇನೆ ಎಂಬುದನ್ನು ದಯವಿಟ್ಟು ಗಮನಿಸಿ.

ಅವನನ್ನು ನೀವು ಒಂದೇ ಒಂದು ಪಂದ್ಯದಲ್ಲೂ ಆಡಿಸಲಿಲ್ಲ. ಅವನ ಕೆಲಸ ಅಭ್ಯಾಸದ ಬಲೆಯೊಳಗೆ. ಮುಂದಿನ ಪಂದ್ಯದಲ್ಲಿ ಎದುರಾಳಿ ತಂಡದ ಎಡಗೈ ಬೌಲರ್ ಯಾರೋ, ಅವನ ವಿಡಿಯೊ ನೋಡಿ ಥೇಟ್ ಅವನ ಹಾಗೆ ಚೆಂಡು ಹಾಕಬೇಕು, ನಿಮ್ಮ ಬ್ಯಾಟರುಗಳು ಅದನ್ನು ಬಡಿದು ಪಳಗಬೇಕು. ಅನುಕರಣೆಯಲ್ಲಿ ನನ್ನ ತಮ್ಮ ಎತ್ತಿದ ಕೈ. ಚಿಕ್ಕಂದಿನಲ್ಲಿ ನಮ್ಮ ಚಿಕ್ಕಪ್ಪ ಸೀನುವುದನ್ನು ಮಾಡಿ ತೋರಿಸಿ ಮನೆಯವರನ್ನೆಲ್ಲ ನಗಿಸುತ್ತಿದ್ದ. ಈ ವಾರ ಹನ್ನೆರಡು ಹೆಜ್ಜೆ ಓಡುವವನು, ಮುಂದಿನ ವಾರ ಸೊಂಟ ತಿರುಚುವವನು, ಅದರಾಚೆಯ ವಾರ ಕೈ ಅಗಲಿಸಿ ಎಸೆಯುವವನು. ಬೆನ್ನಿಗೆ ಆಯಾ ಬೌಲರನ ಹೆಸರಿನ ಚೀಟಿ. ಬೆಳಿಗ್ಗೆ ಮೈದಾನಕ್ಕೆ ಬಂದವರೆಲ್ಲ ಅವನನ್ನು ಮಾತಾಡಿಸುತ್ತಿದ್ದುದು ಒಂದೇ ಪ್ರಶ್ನೆಯಿಂದ: “ಏನಪ್ಪಾ, ಇವತ್ತು ಯಾರು ನೀನು?” ಅವನಿಗಿಟ್ಟ ಅಡ್ಡಹೆಸರು ಜೆರಾಕ್ಸ್. ಅವನು ಅದನ್ನು ನಗುತ್ತಲೇ ಮನೆಯಲ್ಲಿ ಹೇಳಿದ, ನಾವೂ ನಕ್ಕೆವು. ಅಮ್ಮ ಮಾತ್ರ ಒಂದು ದಿನ, “ಯಾಕೋ ಇವ್ನು ನಡೆಯೋದೂ ಬೇರೆ ಥರ ಆಗಿದೆ ಕಣೇ, ನೋಡಿದ್ಯಾ?” ಎಂದಳು. ನಾನು ನೋಡಿರಲಿಲ್ಲ.

ಹದಿನಾಲ್ಕು ತಿಂಗಳಲ್ಲಿ ಇಪ್ಪತ್ತಮೂರು ಬೌಲರುಗಳು. ಆಮೇಲೆ ನೀವು ಯಾವ ಬೌಲರನ ಹಾಗೆ ಬೇಕಾದರೂ ಚೆಂಡು ಉಗುಳುವ ಯಂತ್ರವೊಂದನ್ನು ತರಿಸಿಕೊಂಡಿರಿ. ತಮ್ಮನಿಗೆ ಒಂದು ಹೂಗುಚ್ಛ, ಒಂದು ಪ್ರಮಾಣಪತ್ರ, ಒಂದು ಫೋಟೊ. ‘ಮುಂದಿನ ಪಯಣಕ್ಕೆ ಶುಭವಾಗಲಿ.’ ಸರಿ, ಯಂತ್ರದ ಮೇಲೆ ನನಗೆ ಕೋಪವಿಲ್ಲ. ಅದಕ್ಕೆ ಕಳೆದುಕೊಳ್ಳಲು ಸ್ವಂತದ ಶೈಲಿಯಾದರೂ ಇಲ್ಲವಲ್ಲ.

ಮುಂದಿನ ಪಯಣ ಹೇಗಾಯಿತು ಎಂದು ಕೇಳುವ ಸೌಜನ್ಯ ನಿಮ್ಮಲ್ಲಿ ಯಾರಿಗೂ ಇರಲಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಕಳೆದ ತಿಂಗಳು ಊರಿನ ಒಂದು ಸಾಮಾನ್ಯ ಕ್ಲಬ್ಬಿನವರು ಅವನನ್ನು ಪರೀಕ್ಷೆಗೆ ಕರೆದರು. ಅಲ್ಲಿನ ಹಿರಿಯ ತರಬೇತುದಾರರು ಚೆಂಡು ಕೊಟ್ಟು, “ಎಲ್ಲಿ, ನಿನ್ ಬೌಲಿಂಗ್ ತೋರ್ಸು” ಎಂದರಂತೆ. ನನ್ನ ತಮ್ಮ ಗುರುತಿನ ಗೆರೆಯ ಹತ್ತಿರ ಹೋಗಿ ನಿಂತ. ನಿಂತೇ ಇದ್ದ. ಕೊನೆಗೆ ಕೇಳಿದ: “ಯಾರದ್ದು ಹಾಕ್ಲಿ ಸಾರ್?”

ಎಲ್ಲರೂ ತಮಾಷೆಯೆಂದು ನಕ್ಕರಂತೆ. ಅವನು ತಮಾಷೆ ಮಾಡಿರಲಿಲ್ಲ. ಆ ದಿನ ಅವನು ಎಸೆದ ಒಂದೊಂದು ಚೆಂಡೂ ಒಬ್ಬೊಬ್ಬರದು. ಹಿರಿಯರು ಒಳ್ಳೆಯವರು, ತಿಂಗಳು ಬಿಟ್ಟು ಬಾ ಎಂದಿದ್ದಾರೆ. ಆ ತಿಂಗಳೂ ಈ ಮೂವತ್ತಕ್ಕೇ ಮುಗಿಯುತ್ತದೆ.

ಭಾನುವಾರ ಬೆಳಿಗ್ಗೆ ಅವನನ್ನು ಎಳೆದುಕೊಂಡು ಓಣಿಗೆ ಹೋದೆ. ಅದೇ ಗೋಡೆ, ಅದೇ ಮೀಟರು. ಸೆರಗು ಬಿಗಿದು ನಿಂತೆ. ಮೊದಲ ಚೆಂಡಿಗೇ ಅವನ ಮೊಣಕೈ ಮೀಟರಿಗೆ ಬಡಿದು ರಕ್ತ ಬಂತು. ಒರೆಸಿಕೊಂಡು ಮತ್ತೆ ಎಸೆದ. ನನ್ನ ಕೈ ಒಂದು ಕಡೆ ಹೋಯಿತು, ಚೆಂಡು ಇನ್ನೊಂದು ಕಡೆ. ನಾಲ್ಕನೆಯದು ನನ್ನ ಹೆಗಲ ಮೂಳೆಗೆ ಬಿತ್ತು. ಐದನೆಯದನ್ನು ಎಸೆದು, ಮಗುವಿನ ಹಾಗೆ ನನ್ನ ಮುಖ ನೋಡಿದ.

“ಅಕ್ಕಾ, ಇದು ನಂದಾ?”

“ಹೂಂ ಕಣೋ, ನಿಂದೇ” ಎಂದೆ.

ಮಾನ್ಯರೇ, ನಾನು ಅವನಿಗೆ ಯಾವತ್ತೂ ಸುಳ್ಳು ಹೇಳಿದವಳಲ್ಲ. ಅಪ್ಪ ಹೋದಾಗಲೂ ಹೇಳಿರಲಿಲ್ಲ. ಅವನಿಗೆ ತಕ್ಷಣ ಗೊತ್ತಾಯಿತು. ಚೆಂಡನ್ನು ಎತ್ತಿ ನನ್ನ ಕೈಗೆ ಕೊಟ್ಟು, “ಬಿಡಕ್ಕ, ಇಪ್ಪತ್ಮೂರು ಜನ ಬರ್ತಾರಲ್ಲ ನಂಗೆ, ಒಬ್ಬ ಹೋದ್ರೆ ಏನಾಯ್ತು” ಎಂದು ಒಳಗೆ ಹೋದ. ಆವತ್ತಿನಿಂದ ಅವನು ಚೆಂಡು ಮುಟ್ಟಿಲ್ಲ. ಊಟಕ್ಕೆ ಕರೆದರೆ ಬರುತ್ತಾನೆ, ಕರೆಯದಿದ್ದರೆ ಇಲ್ಲ. ನನಗೆ ಹೆದರಿಕೆಯಾಗುತ್ತಿದೆ. ಇದನ್ನು ಅಲಂಕಾರವಿಲ್ಲದೆ ಬರೆಯುತ್ತಿದ್ದೇನೆ: ನನಗೆ ತುಂಬ ಹೆದರಿಕೆಯಾಗುತ್ತಿದೆ.

ಮನೆಯಲ್ಲಿ ಹಳೆಯ ವಿಡಿಯೊ ಒಂದೂ ಇಲ್ಲವೇ ಎಂದು ನೀವು ಕೇಳಬಹುದು. ದಿನಾ ಕಣ್ಣೆದುರೇ ಇರುವುದನ್ನು ಯಾರಾದರೂ ಹಿಡಿದಿಡುತ್ತಾರೆಯೇ? ಫೋಟೊಗಳಿವೆ, ಆದರೆ ಬೌಲಿಂಗ್ ಎನ್ನುವುದು ಫೋಟೊದಲ್ಲಿ ಸಿಗುವುದಿಲ್ಲ. ಬಾಯಲ್ಲಿ ಹೇಳಿ ನೋಡಿದೆ, ಹೆಜ್ಜೆ ಹಾಕಿ ತೋರಿಸಿದೆ, ಮೂವತ್ತೇಳರ ಹೆಂಗಸು ಓಣಿಯಲ್ಲಿ ಕುಂಟುವುದನ್ನು ನೋಡಿ ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಅವನು ಒಮ್ಮೆ ಕಣ್ಣಾರೆ ನೋಡಿದರೆ ಸಾಕು. ಯಾರನ್ನಾದರೂ ನೋಡಿ ಕಲಿಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ನೀವೇ ಪ್ರಮಾಣಪತ್ರ ಕೊಟ್ಟಿದ್ದೀರಿ. ಈ ಬಾರಿ ಅವನು ಕಲಿಯಬೇಕಾದದ್ದು ಅವನನ್ನೇ.

ನನ್ನ ಮೊದಲ ಪತ್ರಕ್ಕೆ ನಿಮ್ಮ ಉತ್ತರ: ‘ತಮ್ಮ ಅಭಿಮಾನಕ್ಕೆ ಧನ್ಯವಾದಗಳು’, ಜೊತೆಗೆ ತಂಡದ ಟೋಪಿಯ ಮೇಲೆ ರಿಯಾಯಿತಿ. ಎರಡನೆಯದಕ್ಕೂ ಅದೇ ಉತ್ತರ, ಅದೇ ಟೋಪಿ. ಮೂರನೆಯದಕ್ಕೆ, ದೃಶ್ಯಾವಳಿಗಳಲ್ಲಿ ತಂಡದ ಗೌಪ್ಯ ತಾಂತ್ರಿಕ ಮಾಹಿತಿ ಅಡಗಿರುವುದರಿಂದ ಕೋರಿಕೆಯನ್ನು ಪರಿಗಣಿಸಲಾಗದು. ಯಾವ ಗೌಪ್ಯ, ಸ್ವಾಮಿ? ನನ್ನ ತಮ್ಮನ ಕೈ ಕಿವಿಗೆ ಎಷ್ಟು ಹತ್ತಿರ ಬರುತ್ತಿತ್ತು ಎನ್ನುವುದು ನನ್ನ ತಮ್ಮನಿಂದಲೇ ಮುಚ್ಚಿಡಬೇಕಾದ ಗುಟ್ಟೇ? ಅಷ್ಟು ಅಮೂಲ್ಯವಾದ ಗುಟ್ಟನ್ನು ಮೂವತ್ತಕ್ಕೆ ಕಸದ ಹಾಗೆ ಅಳಿಸುವುದೇಕೆ? ಜೆರಾಕ್ಸ್ ಎಂದು ಕರೆದಿರಲ್ಲ, ಆ ಯಂತ್ರ ನನ್ನ ಅಂಗಡಿಯಲ್ಲೂ ಇದೆ. ಪ್ರತಿ ತೆಗೆದ ಮೇಲೆ ಮೂಲವನ್ನು ಪಾರ್ಟಿಯ ಕೈಗೆ ವಾಪಸು ಕೊಟ್ಟೇ ಕಳಿಸುತ್ತೇವೆ. ಮರೆತು ಹೋದವರ ಹಿಂದೆ ಬಸ್ ನಿಲ್ದಾಣದವರೆಗೂ ಓಡಿದ್ದೇನೆ.

ನನ್ನ ಬೇಡಿಕೆ ಇಷ್ಟೇ. ವಿಡಿಯೊ ಕೊಡಿ. ಕೊಡಲಾಗದಿದ್ದರೆ ಅವನನ್ನು ಕರೆಸಿ, ನಿಮ್ಮದೇ ಕೋಣೆಯಲ್ಲಿ, ನಿಮ್ಮದೇ ಕಾವಲಿನಲ್ಲಿ ಒಮ್ಮೆ ತೋರಿಸಿ. ಯಾವ ಕಾಗದಕ್ಕೆ ಬೇಕಾದರೂ ರುಜು ಹಾಕುತ್ತೇನೆ, ಓದದೆಯೇ ಹಾಕುತ್ತೇನೆ. ಫೋನನ್ನು ಬಾಗಿಲಲ್ಲಿ ಇಟ್ಟು ಬರುತ್ತೇವೆ. ಕಾಲಿಗೆ ಬೀಳು ಎಂದರೆ ಅದೂ ಆಗಲಿ, ಈ ವಯಸ್ಸಿನಲ್ಲಿ ನನಗೆ ಯಾವ ಮಾನ.

ನೀವು ಇದನ್ನೂ ಓದುವುದಿಲ್ಲ ಎಂಬ ಅನುಮಾನ ನನಗಿದೆ. ಅದಕ್ಕೇ ಪತ್ರಿಕೆಗೆ ಕೊಟ್ಟಿದ್ದೇನೆ, ಅದಕ್ಕೇ ಉಳಿದ ನಾಲ್ಕು ಸಾಲು ಊರಿನವರಿಗೆ. ಆಯ್ಕೆಯ ಎರಡನೆಯ ದಿನ ಮಧ್ಯಾಹ್ನ ಆ ಮೈದಾನದಲ್ಲಿ ನಿಮ್ಮ ಮಗನನ್ನೋ ತಮ್ಮನನ್ನೋ ಫೋನಿನಲ್ಲಿ ಹಿಡಿದಿದ್ದರೆ, ದಯವಿಟ್ಟು ಹುಡುಕಿ. ನಿಮ್ಮ ಹುಡುಗನನ್ನಲ್ಲ, ಅವನ ಹಿಂದೆ ನೋಡಿ. ಮೂಲೆಯ ಬಲೆಯಲ್ಲಿ, ಬೂದು ಬಣ್ಣದ ಅಂಗಿ ತೊಟ್ಟ ತೆಳ್ಳನೆಯ ಒಬ್ಬ ಎಡಗೈಯವನು, ನಾಲ್ಕೇ ಹೆಜ್ಜೆ ಓಡಿ ಬರುತ್ತಾನೆ. ಚಿತ್ರ ಮಸುಕಾಗಿದ್ದರೂ ಪರವಾಗಿಲ್ಲ. ಅರ್ಧ ಚೆಂಡು ಸಿಕ್ಕಿದರೂ ಸಾಕು. ಸಿಕ್ಕಿದರೆ ಅಳಿಸಬೇಡಿ, ಸರ್ಕಾರಿ ಕಚೇರಿ ಎದುರಿನ ಮೊದಲ ಮೇಜಿಗೆ, ನನ್ನ ಹತ್ತಿರ ತನ್ನಿ. ಅದರಲ್ಲಿರುವುದು ನನ್ನ ತಮ್ಮ.

ಇಂತಿ,
ಊರಿನವರ ಅರ್ಜಿಗಳನ್ನೆಲ್ಲ ಬರೆದು, ತನ್ನ ಮನೆಯದನ್ನು ಇಷ್ಟು ಕೆಟ್ಟದಾಗಿ ಬರೆದ
ಒಬ್ಬಳು ಅಕ್ಕ