ತಾತ ಕುಡಿಯುವ ಎಲೆರಸ

ಮನೆಯಿಂದ,
ಭಾನುವಾರ, ಮಾರ್ಚ್ ೯

ನನ್ನ ಮುದ್ದು ಗುಂಡುಪಿನ್ನೇ,

ಹೇಗಿದ್ದೀಯ ಮಗೂ? ಕೆಮ್ಮು ನಿಂತಿತಾ? ಆ ಪ್ರಯೋಗಾಲಯದ ತಣ್ಣನೆ ಕೋಣೆಯಲ್ಲಿ ಸ್ವೆಟರ್ ಹಾಕಿಕೋ ಎಂದರೆ ಕೇಳುವವಳಲ್ಲ ನೀನು. ತಾತನಿಗೆ ತಕ್ಕ ಮೊಮ್ಮಗಳು. ನನ್ನ ಮಂಡಿನೋವು ಹಾಗೇ ಇದೆ, ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು.

ನಿನ್ನ ಎಲೆರಸದಿಂದ ಇಲಿಗಳ ರಕ್ತದಲ್ಲಿ ಕೊಬ್ಬು ಇಳಿಯಿತು ಎಂದು ನೀನು ಫೋನ್ ಮಾಡಿದೆಯಲ್ಲ, ಅವತ್ತಿನಿಂದ ನಿಮ್ಮ ತಾತನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಹೊಲಿಗೆ ಅಂಗಡಿಗೆ ಬಂದವರ ಎದೆಯಳತೆ ತೆಗೆಯುತ್ತಾ, "ಎದೆ ಒಳಗಡೆ ಹೇಗಿದೆ ಸ್ವಾಮಿ? ನನ್ನ ಮೊಮ್ಮಗಳು ಔಷಧಿ ಕಂಡುಹಿಡೀತಿದ್ದಾಳೆ" ಎಂದು ಶುರುಮಾಡುತ್ತಾರೆ. ಪಾಪ, ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವನೂ ಪೂರ್ತಿ ಕೇಳಿಸಿಕೊಂಡೇ ಹೋಗಬೇಕು. ಬಾಲ್ಕನಿಯ ಕುಂಡದಲ್ಲಿ ಅದೇ ಗಿಡ ತಂದು ನೆಟ್ಟಿದ್ದಾರೆ. ಬೆಳಿಗ್ಗೆ ಎದ್ದು ಎಲೆ ಅರೆದು, ಲೈನಿಂಗ್ ಬಟ್ಟೆಯಲ್ಲಿ ಸೋಸಿ, ಮುಖ ಕಿವುಚಿಕೊಂಡು ಕುಡಿಯುತ್ತಾರೆ. ಇಷ್ಟು ಕಹಿ ಇದ್ದಮೇಲೆ ಕೆಲಸ ಮಾಡಲೇಬೇಕಂತೆ!

ಮೊದಮೊದಲು ನಾನೂ ನಗುತ್ತಿದ್ದೆ. ಆದರೆ ಹೋದ ವರ್ಷ ಹೃದಯದ ರಕ್ತನಾಳ ಕಟ್ಟಿಕೊಂಡು ಅವರು ಆಸ್ಪತ್ರೆಯಲ್ಲಿ ಮಲಗಿದ್ದನ್ನು ಮರೆಯಲಾದೀತೇ? ಈಗೀಗ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಗೋಡೆಯ ಬಣ್ಣ ನೋಡುವ ನಾಟಕ ಮಾಡುತ್ತಾರೆ. ನಾವು ಈ ಮನೆಗೆ ಬಂದಾಗಿನಿಂದ ಅದೇ ಬಣ್ಣ!

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗುಣ ನಾಲ್ಕು ಜನಕ್ಕೆ ಒಳ್ಳೆಯದು ಮಾಡಲಿ ಕಂದಾ.

ನಿನ್ನ
ಅಜ್ಜಿ

ತಾ.ಕ.: ಬರೆಯಲು ಕೈ ಬಾರದೆ ಇಲ್ಲಿಯವರೆಗೆ ತಳ್ಳಿದೆ. ತಾತ ಡಾಕ್ಟರು ಕೊಟ್ಟ ಮಾತ್ರೆಗಳನ್ನು ಬಿಟ್ಟುಬಿಟ್ಟಿದ್ದಾರೆ ಕಣೇ. ಇವತ್ತು ಗುಂಡಿ ಹುಡುಕುವಾಗ ಹೊಲಿಗೆಯಂತ್ರದ ಖಾನೆಯಲ್ಲಿ ಎಲ್ಲ ಸಿಕ್ಕವು. ಜೋರು ಮಾಡಿದರೆ ಏನೆಂದರು ಗೊತ್ತೇ? "ಎರಡೂ ತಗೊಂಡ್ರೆ ವಾಸಿ ಮಾಡಿದ ಹೆಸರು ಮಾತ್ರೆಗೆ ಹೋಗುತ್ತೆ. ಮಗು ಪಟ್ಟ ಕಷ್ಟಕ್ಕೆ ಏನು ಸಿಗುತ್ತೆ?" ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ನಾಳೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತೇನೆ, ಆದರೆ ನಿನ್ನ ಮಾತಿಲ್ಲದೆ ಮಾತ್ರೆ ಅವರ ಗಂಟಲಲ್ಲಿ ಇಳಿಯುವುದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ಇವತ್ತು ನಿಮ್ಮೂರಿಗೆ ಹೊರಟಿರುವ ಕೆಳಮನೆಯ ನರ್ಸಮ್ಮನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಓದಿದ ತಕ್ಷಣ ಫೋನ್ ಮಾಡಿ ಗದರಿಸು. ಇಲಿಗೆ ಆಗಿಬಂದದ್ದು ಮನುಷ್ಯರಿಗೆ ಆಗುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ ಎನ್ನು. ಹೆಸರು ಯಾವಾಗ ಬೇಕಾದರೂ ಬರಲಿ, ಬಂದಾಗ ಊರಿಗೆಲ್ಲ ಸಾರಲು ನೀನಿರಬೇಕು ತಾತಾ ಎನ್ನು. ನನಗೂ ಅವರು ಬೇಕು ಕಣೇ. ಅದೊಂದನ್ನು ಮಾತ್ರ ಹೇಳಬೇಡ, ಜಂಭ ಬಂದೀತು.