ಪಟ್ಟಿಯಲ್ಲಿ ನಾಲ್ಕನೆಯದು

ರಾಕ್‌ಫರ್ಡ್, ಇಲಿನಾಯ್
ಮಾರ್ಚ್ 9

ಪ್ರೀತಿಯ ನೋರೀನ್,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಡುಬ್ಯೂಕ್‌ನಲ್ಲಿ ಅಕ್ಕನ ಮನೆ ಒಗ್ಗಿದೆ ಎಂದು ಬರೆದಿದ್ದೀಯ. ನಾನು ನಂಬುವುದಿಲ್ಲ, ನಿಮ್ಮಕ್ಕನ ಅಡುಗೆ ತಿಂದವನು ನಾನು.

ಡ್ವೇನ್‌ನ ಆಲ್ಬಂ ಈಗ ಗ್ರಾಮಫೋನ್ ರೆಕಾರ್ಡ್ ಆಗಿ ಬರುತ್ತಿದೆ, ಅದರ ಹೊದಿಕೆಯ ಹಿಂಬದಿಗೆ ನಾನು ಪತ್ರಿಕೆಯಲ್ಲಿ ಬರೆದ ಸಾಲು ಹಾಕಲೇ ಎಂದು ಕೇಳಿದ್ದೀಯ. 'ಈ ವರ್ಷ ಪವರ್ ಪಾಪ್‌ನಲ್ಲಿ ಇದಕ್ಕಿಂತ ಖುಷಿಯ ದನಿ ಇನ್ನೊಂದಿಲ್ಲ.' ನಿನ್ನ ಗಂಡ ಕೊನೆಯ ದಿನಗಳಲ್ಲಿ ಖುಷಿಯಾಗಿದ್ದ ಎನ್ನುವುದಕ್ಕೆ ನಿನ್ನ ಹತ್ತಿರ ಇರುವ ಸಾಕ್ಷಿ ಅದೊಂದೇ ಅಂತೆ. ಹಾಕಬೇಡ ನೋರೀನ್. ಅದು ಸುಳ್ಳು. ನಾನು ಆ ಆಲ್ಬಂ ಕೇಳಿಯೇ ಇರಲಿಲ್ಲ.

ಅವನು ಕೊಟ್ಟ ಸಿ.ಡಿ.ಯಲ್ಲಿ ಒಂದೂವರೆ ಹಾಡು ಕೇಳಿದ್ದೆ, ಬೋಲ್ಟ್ ಕಾರ್ಖಾನೆಯಿಂದ ಮನೆಗೆ ಬರುವಾಗ ಕಾರಿನಲ್ಲಿ. 'ಕೇಳಲೇಬೇಕಾದ ಹೊಸ ಆಲ್ಬಂಗಳು' ಪಟ್ಟಿ ಗುರುವಾರ ಪತ್ರಿಕೆಗೆ ಹೋಗಬೇಕಿತ್ತು. ಹತ್ತರಲ್ಲಿ ಒಂಬತ್ತನ್ನು ನಾಲ್ಕು ನಾಲ್ಕು ಸಲ ಕೇಳಿದೆ, ಆ ಸ್ಪೇನ್ ಹುಡುಗಿಯರದು, ಮೆಲ್ಬರ್ನ್‌ನ ಅಣ್ಣತಮ್ಮಂದಿರದು, ಎಲ್ಲ. ಡ್ವೇನ್‌ನದರಲ್ಲಿ ಹೊಸದಾಗಿ ಕೇಳುವುದೇನಿದೆ ಅಂದುಕೊಂಡೆ. ಇಪ್ಪತ್ತು ವರ್ಷ ನಿಮ್ಮ ನೆಲಮಾಳಿಗೆಯಲ್ಲಿ ಅವನ ಬೆನ್ನ ಹಿಂದೆ ಕೂತು ಡ್ರಮ್ ಬಾರಿಸಿದವನು ನಾನು. ಗಿಟಾರ್ ಝಣಝಣ ಅನ್ನುತ್ತದೆ, ಪಲ್ಲವಿಗೆ ಚಪ್ಪಾಳೆ ಬೀಳುತ್ತದೆ, ಮೂರು ನಿಮಿಷಕ್ಕೆ ಮುಗಿಯುತ್ತದೆ. ನಾಲ್ಕನೆಯ ಸ್ಥಾನ ಕೊಟ್ಟೆ. ಒಂದನೆಯದು ಕೊಟ್ಟರೆ ಗೆಳೆಯ ಅಂತ ಕೊಟ್ಟ ಅನ್ನುತ್ತಾರಲ್ಲ!

ನಮ್ಮ ಈ ಸಂಗೀತದ ಕೆಡುಕೇ ಇದು. ರಾಗ ಕುಣಿಯುತ್ತಿದ್ದರೆ ಮಾತಿಗೆ ಯಾರೂ ಕಿವಿ ಕೊಡುವುದಿಲ್ಲ.

ಮುಂದಿನ ವಾರ ಪತ್ರಿಕೆ ಬಂದ ದಿನ ಅವನು ಫೋನ್ ಮಾಡಿದ್ದ. "ಪೂರ್ತಿ ಕೇಳ್ದೇನೋ?" ಅಂದ. "ಕೇಳ್ದೆ ಕಣೋ, ನಿನ್ ಕತ್ತೆ ಗಂಟ್ಲು ಇಷ್ಟು ವರ್ಷಕ್ಕೆ ಒಂದು ಹದಕ್ಕೆ ಬಂದಿದೆ" ಅಂದೆ. ಅವನು ನಗಲಿಲ್ಲ. "ಮೂರನೇ ಹಾಡು?" ಅಂದ. "ಎಲ್ಲಕ್ಕಿಂತ ಅದೇ ಚೆನ್ನಾಗಿರೋದು" ಅಂದುಬಿಟ್ಟೆ. "ಸರಿ ಬಿಡು ಹಾಗಾದ್ರೆ" ಅಂದು ಫೋನ್ ಇಟ್ಟ.

ಅದು ಬುಧವಾರ. ಭಾನುವಾರ ನದಿ ದಡದಲ್ಲಿ ಅವನ ಟ್ರಕ್ ಸಿಕ್ಕಿತು, ಆಮೇಲೆ ನೀರಿನಲ್ಲಿ ಅವನು. ನೀನು ಹಿಂದಿನ ದಿನವಷ್ಟೇ ಅಕ್ಕನ ಆಪರೇಷನ್‌ಗೆಂದು ಹೋಗಿದ್ದವಳು ಓಡಿ ಬಂದೆ.

ಮಣ್ಣಾದ ದಿನ ಚರ್ಚಿನ ಹಾಲ್‌ನಲ್ಲಿ, ಯಾರೋ ಕೈಗಿಟ್ಟ ಹ್ಯಾಮ್ ಸ್ಯಾಂಡ್‌ವಿಚ್ ಹಿಡಿದುಕೊಂಡು, "ಯಾರಿಗಾದ್ರೂ ಒಂದ್ ಮಾತು ಹೇಳ್ಬಾರ್ದಿತ್ತಾ ಲೈಲ್?" ಅಂತ ನೀನು ಅತ್ತೆ. "ಹೇಳ್ಲಿಲ್ಲ ನೋಡು" ಅಂದೆ ನಾನು, ನಿನ್ನ ಭುಜ ಸವರುತ್ತಾ. ಆಗ ಅದು ನಿಜವೆಂದೇ ನಂಬಿದ್ದೆ. ಆ ಸಿ.ಡಿ. ಇನ್ನೂ ಕಾರಿನಲ್ಲೇ ಬಿದ್ದಿತ್ತು.

ನಿನ್ನ ಕಾಗದ ಬಂದ ಮೇಲೆ ಕೂತು ಪೂರ್ತಿ ಕೇಳಿದೆ. ಚಪ್ಪಾಳೆಯ ಅಡಿಯಲ್ಲಿ ಅವನು ಹಾಡುತ್ತಿರುವುದು ಖುಷಿಯನ್ನಲ್ಲ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ. ಹಿಂಬದಿಯನ್ನು ಖಾಲಿ ಬಿಡು.

ನಿನ್ನ,
ಲೈಲ್ ಹೆಡ್‌ಸ್ಟ್ರೋಮ್

ತಾ.ಕ.: ರೆಕಾರ್ಡಿಗೆಂದು ನೀನು ಕಳಿಸಿದ ಪಟ್ಟಿಯಲ್ಲಿ ಹನ್ನೊಂದು ಹಾಡುಗಳಿವೆ. ಅವನು ನನಗೆ ಕೊಟ್ಟ ಸಿ.ಡಿ.ಯಲ್ಲಿ ಹನ್ನೆರಡು. ನಿನ್ನಲ್ಲಿ ಇಲ್ಲದಿರುವುದು ಮೂರನೆಯದು. ಅದರಲ್ಲಿ ಡ್ರಮ್ ಇಲ್ಲ, ಚಪ್ಪಾಳೆ ಇಲ್ಲ. ನನ್ನ ಹೆಸರು ಹಿಡಿದು ಹಾಡಿದ್ದಾನೆ: ನೋರೀನ್ ಅಕ್ಕನ ಊರಿಗೆ ಹೋಗುವ ಶನಿವಾರ ಒಬ್ಬನೇ ಇರಲು ಭಯವಾಗುತ್ತದೆ, ಬಂದು ಜೊತೆಗೆ ಕೂತುಕೋ ಅಂತ. ಸಿ.ಡಿ.ಯನ್ನು ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ಆ ಶನಿವಾರ ನಾನು ಮನೆಯಲ್ಲೇ ಇದ್ದೆ, ಮುಂದಿನ ತಿಂಗಳ ಪಟ್ಟಿಗೆ ಹೊಸ ಆಲ್ಬಂ ಕೇಳುತ್ತಾ.